ಒಂದಕ್ಕಿಂತ ಕಡಿಮೆ

ಹಟ್ಟಿಯ ಆಸ್ಪತ್ರೆಯ ಹಿಂದಿನ ಕೋಣೆ. ಮಾರ್ಚಿನ ಹಗಲು,
ಫ್ಯಾನು ಬಿಸಿಗಾಳಿಯನ್ನೇ ಕಲಸುತ್ತಿತ್ತು.
ಎಕ್ಸ್-ರೇ ಕವರಿನ ಬೆನ್ನ ಮೇಲೆ
ನಾಲ್ಕು ಮನೆ ಗೀಚಿದೆ.
'ಕುಂಟಬಿಲ್ಲಿ ಏನ್ರಿ ಸರ?' ಅಂದಳು ಮೆಹಬೂಬಿ,
ಮಾತ್ರೆಯ ಚೀಲ ಮೇಜಿಗಿಟ್ಟು.

ಹೌದು, ಆಟವೇ.
ಬಿಲ್ಲೆ ಮಾತ್ರ ನಾವು ಎಸೆಯುವುದಿಲ್ಲ.
ಮೊದಲ ಮನೆ 'ತು', ತುತ್ತಾಗಬಲ್ಲವರು,
ಅಂದರೆ ನೀನು, ನಾನು, ಶಿಫ್ಟಿನ ಬಸ್ಸಿನ ಡ್ರೈವರು.
ಎರಡನೆಯದು 'ಬೂ', ಬೂದಿ ಮುಚ್ಚಿದ ಕೆಂಡ.
ರೋಗ ಎದೆಯೊಳಗೆ ಮಲಗಿದೆ,
ಎಷ್ಟೋ ಮಂದಿಯಲ್ಲಿ ಏಳುವುದೇ ಇಲ್ಲ.
ಮೂರನೆಯದು 'ಕೆ', ಕೆಮ್ಮು.
ನಾಲ್ಕನೆಯದು 'ಗು', ಗುಣವಾದವರು.
ಕಾಲೇಜಿನಲ್ಲಿ ಗ್ರೀಕ್ ಅಕ್ಷರ ಬರೆಯುತ್ತೇನೆ,
ಇಲ್ಲಿ ಅವು ಕೈಗೆ ಬರಲಿಲ್ಲ.

ಮನೆಯಿಂದ ಮನೆಗೆ ಬಾಣ,
ಬಾಣದ ಬೆನ್ನ ಮೇಲೊಂದು ದಶಾಂಶ.
'ಬೂ' ಬಿಟ್ಟು 'ಕೆ' ಸೇರುವ ಬಾಣ ಈ ಊರಲ್ಲಿ ದಪ್ಪ:
ಶಾಫ್ಟಿನಡಿ ಇಪ್ಪತ್ತು ವರ್ಷ ಕಲ್ಲು ಕೊರೆದವರ ಎದೆಯಲ್ಲಿ
ಧೂಳೇ ಕೂತು ಕೆಂಡ ಊದುತ್ತದೆ.
ಆ ಊದುಗೊಳವೆಗೆ ನಾನು ಕೊಟ್ಟ ಬೆಲೆ ಎರಡೂವರೆ ಪಟ್ಟು.

'ಕೆ'ಯಿಂದ 'ಗು'ಗೆ ಮಾತ್ರೆಯ ಬಾಣ, ಆರು ತಿಂಗಳುದ್ದ.
ನಡುವೆ ಬಿಡುವವರು ನೂರಕ್ಕೆ ಹನ್ನೆರಡು, ಅಂದೆ.
ಅವಳು ಬೆರಳು ಮಡಿಚತೊಡಗಿದಳು.
ಉಚ್ಚೆ ಕೆಂಪಾಯಿತು, ರಕ್ತವೇ ಹೋಯಿತು ಎಂದು
ಮಾತ್ರೆಯನ್ನೆಲ್ಲ ಹಾಳುಬಾವಿಗೆ ಸುರಿದ ದುರುಗಪ್ಪ.
ಎರಡನೇ ತಿಂಗಳಿಗೇ ಕೆಮ್ಮು ನಿಂತು
'ಇನ್ಯಾಕ ಬೇಕು' ಎಂದ ಅಯ್ಯಮ್ಮ.
ಮಾತ್ರೆಯ ಹಿಂದೆಯೇ ಭುಗಿಲೆನ್ನುವ ಹಸಿವಿಗೆ
ಮನೆಯಲ್ಲಿ ಮೂರನೇ ರೊಟ್ಟಿ ಇಲ್ಲದ ತಾಯಪ್ಪ.
ಹನ್ನೆರಡರಲ್ಲಿ ಒಂಬತ್ತು ಹೆಸರು, ಒಂದೇ ಉಸಿರಿಗೆ.

ಆಮೇಲೆ ನನ್ನ ಪೆನ್ನು ಕಸಿದು
'ಕೆ' ಮನೆಯಿಂದ ಕವರಿನಾಚೆಗೆ ಒಂದು ಗೆರೆ ಎಳೆದಳು.
ಮೇಜಿನ ಮೇಲೂ ಗೇಣುದ್ದ ಹರಿಯಿತು.
'ಇದು ಗುಂಟೂರು.
ಸಂಕ್ರಾಂತಿ ಆತಂದ್ರ ಲಾರಿ ತುಂಬ ಹೊಕ್ಕಾರ
ಮೆಣಸಿನಕಾಯಿ ಬಿಡಸಾಕ. ಮಾತ್ರಿ ಇಲ್ಲೇ, ಟ್ರಂಕಿನ್ಯಾಗ.
ಒಂದ ಗುಡಿಸಲದಾಗ ಹದಿನಾಲ್ಕು ಮಂದಿ
ಎರಡು ತಿಂಗಳು ಮಲಗಿ ಎದ್ದು, ಯುಗಾದಿಗೆ ಬರ್ತಾರ.
ನಿಮ್ಮ ಲೆಕ್ಕದಾಗ ಎಲ್ಲಾರೂ ಊರಾಗ ಇರ್ತಾರ ನೋಡ್ರಿ.'

ಇರುತ್ತಾರೆ. ಸಮೀಕರಣದ ಸುತ್ತ ಗೋಡೆ ಕಟ್ಟಿದವನು ನಾನೇ,
ಬಾಗಿಲ ಬೀಗಕ್ಕೆ 'ಊಹೆ ಒಂದು' ಎಂದು ಹೆಸರಿಟ್ಟಿದ್ದೆ.

ರಾತ್ರಿ ಲಿಂಗಸುಗೂರಿನ ಬಾಡಿಗೆ ಕೋಣೆಯಲ್ಲಿ
ಅವಳ ಗೆರೆ ಸೇರಿಸಿ ಲೆಕ್ಕ ಓಡಿಸಿದೆ.
೦.೯೧ ಇದ್ದದ್ದು ೧.೦೮ ಆಗಿ ಕೂತಿತು.
ಅಕ್ಕಸಾಲಿಗನ ತಕ್ಕಡಿಯಲ್ಲಿ
ಒಂದು ಗುಲಗಂಜಿಗೂ ಬಾರದ ವ್ಯತ್ಯಾಸ.
ಆದರೂ ಊರು ಯಾವ ಕಡೆ ವಾಲುತ್ತದೆಂಬುದು ಅಲ್ಲೇ ಇದೆ,
ಆ ಎಂಟು ನೂರಾಂಶದಲ್ಲಿ, ಒಂದರ ಹೊಸ್ತಿಲಾಚೆ.

ಲಾರಿ ಹತ್ತುವಾಗಲೇ ಎರಡು ತಿಂಗಳ ಮಾತ್ರೆ
ಎಲೆಯಡಿಕೆ ಚೀಲಕ್ಕೆ ಹಾಕಿ ಕಟ್ಟುವುದು,
ಅಲ್ಲಿಯ ಆಸ್ಪತ್ರೆಗೆ ತೆಲುಗಿನಲ್ಲಿ ಒಂದು ಚೀಟಿ:
ಇದೂ ಅವಳದೇ ಉಪಾಯ.
ಬಾಣದ ಮೇಲಿನ ಅಂಕಿ ತಿದ್ದಿದೆ. ಕಾದೆ.
೦.೯೭.

ಹೊತ್ತು ನೋಡದೆ ಫೋನು ಮಾಡಿದೆ.
'ಅಂದರ ಏನ್ರಿ ಸರ?'
ನೂರು ಮಂದಿ ಅಂಟಿಸುವುದು ತೊಂಬತ್ತೇಳು ಮಂದಿಗೆ.
ಆ ತೊಂಬತ್ತೇಳು, ತೊಂಬತ್ತನಾಲ್ಕಕ್ಕೆ.
ಹೀಗೇ, ಬಹಳ ನಿಧಾನ.
ಸೊನ್ನೆಯೇ ಆಗಬೇಕೆಂದಿಲ್ಲ, ಒಂದಕ್ಕಿಂತ ಕಡಿಮೆಯಾದರೆ ಸಾಕು.
ಅತ್ತ ಮೌನ. ಒಂದು ಕುಕ್ಕರಿನ ಸೀಟಿ.
'ಉಳಕೊಂಡ ಆ ಮೂರು ಮಂದಿ ಯಾರ್ರಿ?'

ಹೇಳಲಾರೆ. 'ತು' ಮನೆಯಿಂದ ಏಳದೇ ಇದ್ದವರು.
ಅವರಿಗೆ ಕಾರ್ಡಿಲ್ಲ, ಕಫದ ಡಬ್ಬಿಯಿಲ್ಲ,
ಪಾರಾದದ್ದು ಅವರಿಗೂ ಗೊತ್ತಾಗುವುದಿಲ್ಲ.

'ಹಂಗಾರ ಛಲೋ ಆತು ಬಿಡ್ರಿ,
ಮೂರು ಮನಿ ಮೆಟ್ಟಲಾ ಹತ್ತೂದು ತಪ್ಪಿತು.'